ಊರಿನ ಬಡ್ಜೆಟ್ಟು: ಯಾವುದು ಮೊದಲು?

ತಿಂಗಳ ಮೊದಲ ವಾರದಲ್ಲಿ ಪ್ರತಿಯೊಂದು ಸಂಸಾರದಲ್ಲಿಯೂ ಒಂದು ಲೆಕ್ಕಾಚಾರ ನಡೆಯುತ್ತದೆ. ಮನೆ ಬಾಡಿಗೆ, ದಿನಸಿ, ಹಾಲಿನ ಬಾಕಿ, ಮಕ್ಕಳ ಶಾಲೆಯ ಫೀಜು, ಹಿರಿಯರ ಔಷಧಿ ಇವಿಷ್ಟನ್ನು ತೆಗೆದಿಟ್ಟ ಮೇಲೆ ಉಳಿದ ಹಣದಲ್ಲಿ ಯಾವುದನ್ನು ಈಗ ಮಾಡುವುದು, ಯಾವುದನ್ನು ಮುಂದಕ್ಕೆ ಹಾಕುವುದು ಎಂಬ ಮಾತು ಬರುತ್ತದೆ. ಮಗನಿಗೆ ಸೈಕಲ್ಲು ಬೇಕು. ಅಡಿಗೆಮನೆಯ ಮಾಡು ಸೋರುತ್ತಿದೆ. ಅಜ್ಜಿಯ ಕನ್ನಡಕ ಬದಲಾಯಿಸಬೇಕು. ಮೂರೂ ಬೇಕಾದುವೇ, ಮೂರಕ್ಕೂ ಹಣ ಸಾಲದು. ಮಗ ದಿನವೂ ಕೇಳುತ್ತಾನೆ. ಸೋರುವ ಮಾಡು ಮಳೆ ಬಂದಾಗಲೆಲ್ಲ ತಾನೇ ನೆನಪು ಮಾಡಿಕೊಡುತ್ತದೆ. ಅಜ್ಜಿ ಮಾತ್ರ ಬಾಯಿಬಿಟ್ಟು ಕೇಳುವವಳಲ್ಲ. ಅವಳ ಕಣ್ಣಿನ ಕಷ್ಟವನ್ನು ಮನೆಯವರಲ್ಲಿ ಒಬ್ಬರು ಗಮನಿಸಿ ಹೇಳಬೇಕು. ಇವುಗಳಲ್ಲಿ ಯಾವುದು ಮೊದಲು ಎಂದು ನ್ಯಾಯವಾಗಿ ತೀರ್ಮಾನಿಸುವುದರಲ್ಲಿಯೇ ಸಂಸಾರ ನಡೆಸುವವರ ಜಾಣತನವಿದೆ.

ಊರೆಂಬ ದೊಡ್ಡ ಸಂಸಾರದ ರೀತಿಯೂ ಇದೇ. ಮುನಿಸಿಪಾಲಿಟಿಯಾಗಲಿ, ಕಾರ್ಪೊರೇಷನ್ನಾಗಲಿ, ಏಪ್ರಿಲ್ 1ರಿಂದ ಮಾರ್ಚ್ 31ರ ವರೆಗಿನ ಒಂದು ವರ್ಷದಲ್ಲಿ ಬರುವ ಹಣವೆಷ್ಟು, ಹೋಗುವ ಹಣವೆಷ್ಟು ಎಂದು ಮುಂದಾಗಿ ಅಂದಾಜು ಮಾಡಿ ಬರೆದಿಡುವ ಪಟ್ಟಿಗೆ ಆಯವ್ಯಯ ಪಟ್ಟಿ ಎಂದು ಹೆಸರು. ಬಳಕೆಯ ಮಾತಿನಲ್ಲಿ ಬಡ್ಜೆಟ್ಟು. ಇದನ್ನು ತಯಾರಿಸುವ ಮೊದಲು ಊರಿನವರನ್ನು ಕರೆದು ಅವರ ಸಲಹೆ ಕೇಳುವ ಪದ್ಧತಿ ನಮ್ಮ ರಾಜ್ಯದ ಊರುಗಳಲ್ಲಿ ಇದೆ. ‘ಬಜೆಟ್ ಪೂರ್ವಭಾವಿ ಸಭೆ’ ಎಂಬ ಪ್ರಕಟಣೆ ಪತ್ರಿಕೆಯ ಒಂದು ಮೂಲೆಯಲ್ಲಿ ಬಂದಿರುವುದನ್ನು ನೀವು ನೋಡಿರಬಹುದು. ನೋಡಿ ಪುಟ ತಿರುವಿಯೂ ಇರಬಹುದು. ಆ ಸಭೆಯಲ್ಲಿ ಏನನ್ನು ಕೇಳಬೇಕು, ಹೇಗೆ ಕೇಳಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಯಾರ ಪರವಾಗಿ ಕೇಳಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಹಣದ ಮಾತು. ಊರಿನ ವರಮಾನ ಎರಡು ಕಡೆಯಿಂದ ಬರುತ್ತದೆ. ಒಂದು, ಊರಿನವರೇ ಕೊಡುವುದು: ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿಗಳ ಲೈಸೆನ್ಸು, ಮುನಿಸಿಪಾಲಿಟಿಯ ಮಳಿಗೆಗಳ ಬಾಡಿಗೆ ಮುಂತಾದುವು. ಇನ್ನೊಂದು, ಹಣಕಾಸು ಆಯೋಗಗಳ ಶಿಫಾರಸಿನಂತೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಂದ ಬರುವ ಅನುದಾನ. ಇನ್ನು ಖರ್ಚು. ನೌಕರರ ಸಂಬಳ, ಪೌರಕಾರ್ಮಿಕರ ವೇತನ, ನೀರೆತ್ತುವ ಪಂಪುಗಳ ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲು, ಕಸ ಸಾಗಿಸುವ ಗಾಡಿಗಳ ಡೀಸೆಲು, ಹಿಂದಿನ ವರ್ಷದ ಕಾಮಗಾರಿಗಳ ಬಾಕಿ ಇವುಗಳನ್ನು ಕೊಡದೆ ವಿಧಿಯಿಲ್ಲ. ಅನುದಾನದಲ್ಲಿಯೂ ಒಂದು ಪಾಲು ‘ಇಂಥದಕ್ಕೇ ಖರ್ಚು ಮಾಡತಕ್ಕದ್ದು’ ಎಂಬ ಕಟ್ಟಿನೊಡನೆ ಬರುತ್ತದೆ. ಉದಾಹರಣೆಗೆ, 15ನೆಯ ಹಣಕಾಸು ಆಯೋಗವು ಮಹಾನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ 2021ರಿಂದ 2026ರ ವರೆಗಿನ ಐದು ವರ್ಷಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ಶೇಕಡ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು.

ಇದೆಲ್ಲ ಕಳೆದು ಉಳಿಯುವ ಹಣದಲ್ಲಿಯೇ ಊರಿನ ಹೊಸ ಕೆಲಸಗಳೆಲ್ಲ ಆಗಬೇಕು. ಆದಕಾರಣ ಬಡ್ಜೆಟ್ಟಿನ ಸಭೆಯಲ್ಲಿ ‘ನಮಗೆ ರಸ್ತೆ ಬೇಕು, ದೀಪ ಬೇಕು, ಉದ್ಯಾನ ಬೇಕು, ಗ್ರಂಥಾಲಯ ಬೇಕು’ ಎಂದು ಒಂದೇ ಉಸಿರಿನಲ್ಲಿ ಹತ್ತನ್ನು ಕೇಳಿದರೆ ಕೇಳದೇ ಇದ್ದಷ್ಟೇ ಫಲ. ಅಧಿಕಾರಿಗಳು ಹತ್ತನ್ನೂ ಬರೆದುಕೊಳ್ಳುತ್ತಾರೆ. ಹತ್ತರಲ್ಲಿ ತಮಗೆ ಸುಲಭವಾದ ಒಂದನ್ನು ಮಾಡುತ್ತಾರೆ. ಜನರು ಕೇಳಿದ್ದನ್ನೇ ಮಾಡಿದೆವು ಎಂದು ಹೇಳುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಯಾವುದು ಮೊದಲು ಎಂದು ನಾವು ಹೇಳದಿದ್ದರೆ ಆ ತೀರ್ಮಾನವನ್ನು ಬೇರೊಬ್ಬರು ಮಾಡಿಯೇ ಮಾಡುತ್ತಾರೆ.

ಹೀಗಿರಲು, ಸಭೆಗೆ ಹೋಗುವ ಮೊದಲು ನಮ್ಮ ಕೋರಿಕೆಗಳನ್ನು ಅಕ್ಕಿ ಆರಿಸಿದಂತೆ ಆರಿಸಿಕೊಳ್ಳಬೇಕು. ಕೆಲವು ಕೋರಿಕೆಗಳಿಗೆ ಬಡ್ಜೆಟ್ಟೇ ಬೇಕಿಲ್ಲ. ದೀಪದ ಬಲ್ಬು ಹೋಗಿದೆ, ಚರಂಡಿಯಲ್ಲಿ ಹೂಳು ತುಂಬಿದೆ, ಕಸದ ಗಾಡಿ ಮೂರು ದಿನದಿಂದ ಬಂದಿಲ್ಲ ಎಂಬುವು ದೂರುಗಳು. ಇವುಗಳಿಗೆ ಹಣ ಆಗಲೇ ಇಟ್ಟಿರುತ್ತದೆ. ಅಂದೇ ದೂರು ಕೊಟ್ಟು ಅಂದೇ ಕೆಲಸ ಕೇಳಬೇಕು. ಮತ್ತೆ ಕೆಲವು ಮುನಿಸಿಪಾಲಿಟಿಗೆ ಸೇರಿದುವೇ ಅಲ್ಲ. ಬಸ್ಸು ಸಾಲದೆಂಬುದು ಸಾರಿಗೆ ಸಂಸ್ಥೆಗೆ, ಕರೆಂಟು ಹೋಗುತ್ತದೆಂಬುದು ವಿದ್ಯುತ್ ಸರಬರಾಜು ಕಂಪನಿಗೆ, ಪಡಿತರ ಚೀಟಿಯ ತೊಂದರೆ ಆಹಾರ ಇಲಾಖೆಗೆ ಹೋಗಬೇಕಾದ ಮಾತು. ಇವೆರಡನ್ನೂ ತೆಗೆದ ಮೇಲೆ ಉಳಿಯುವುದು ಹೊಸದಾಗಿ ಆಗಬೇಕಾದ ಕೆಲಸ. ಬಡ್ಜೆಟ್ಟಿಗೆ ಸಂಬಂಧಪಟ್ಟದ್ದು ಅದು.

ಅದನ್ನು ಕೇಳುವಾಗಲೂ ಬಿಡಿಸಿ ಕೇಳಬೇಕು. ‘ನಮ್ಮ ಬಡಾವಣೆಗೆ ಚರಂಡಿ ವ್ಯವಸ್ಥೆ ಬೇಕು’ ಎಂದರೆ ಇಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ‘ಹಿಟ್ಟಿನ ಗಿರಣಿಯ ಮೂಲೆಯಿಂದ ರಾಜಕಾಲುವೆಯ ವರೆಗೆ ಸುಮಾರು ಇನ್ನೂರು ಮಾರು ಉದ್ದ ಚರಂಡಿ ಇಲ್ಲ, ನಲವತ್ತು ಮನೆಗಳ ಬಚ್ಚಲು ನೀರು ಬೀದಿಯಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಿ ಅದೇ ನೀರು ಅಂಗನವಾಡಿಯ ಬಾಗಿಲಿಗೆ ಬರುತ್ತದೆ’ ಎಂದು ಬರೆದುಕೊಟ್ಟರೆ ಆತ ಅಂದಾಜು ಪಟ್ಟಿ ಮಾಡಬಹುದು. ಎಷ್ಟು ಮನೆಗಳಿಗೆ ಉಪಯೋಗ, ಮಾಡದೆ ಬಿಟ್ಟರೆ ಏನು ತೊಂದರೆ ಎಂಬ ಎರಡು ಸಂಗತಿಗಳು ಕಾಗದದಲ್ಲಿದ್ದರೆ ಅದನ್ನು ಬದಿಗಿಡುವುದು ಕಷ್ಟ.

ಕೇಳುವುದಕ್ಕೆ ಕಾಲವೂ ಒಂದುಂಟು. ಬಿತ್ತನೆ ಮುಗಿದ ಮೇಲೆ ಬೀಜ ತಂದರೆ ಏನು ಪ್ರಯೋಜನ? ಬಡ್ಜೆಟ್ಟು ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರುವರಿ ಮಾರ್ಚಿಯಲ್ಲಾದರೂ ಅದರ ಕರಡು ಚಳಿಗಾಲದಲ್ಲಿಯೇ ಸಿದ್ಧವಾಗುತ್ತದೆ. ಮಂಡನೆಯ ದಿನ ಪತ್ರಿಕೆ ಓದಿ ‘ನಮ್ಮ ವಾರ್ಡಿಗೆ ಏನೂ ಇಲ್ಲ’ ಎಂದು ಕೋಪ ಮಾಡಿಕೊಳ್ಳುವುದಕ್ಕಿಂತ ದೀಪಾವಳಿಯ ಹಬ್ಬ ಕಳೆಯುತ್ತಲೇ ವಾರ್ಡಿನ ನಾಲ್ಕು ಜನ ಕುಳಿತು ಮಾತನಾಡುವುದು ಮೇಲು.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಮಾತನಾಡುವವರು ಯಾರು?

ಅಳುವ ಮಗುವಿಗೇ ಹಾಲು ಎಂಬ ಮಾತು ನಮ್ಮಲ್ಲಿ ಇದೆ. ಆದರೆ ಗಟ್ಟಿಯಾಗಿ ಅಳುವ ಮಗುವೇ ಹೆಚ್ಚು ಹಸಿದ ಮಗು ಎನ್ನುವಂತಿಲ್ಲ. ಹಸಿದು ಹಸಿದು ಸೊರಗಿದ ಮಗುವಿಗೆ ಅಳುವ ಶಕ್ತಿಯೂ ಇರುವುದಿಲ್ಲ. ಬಡ್ಜೆಟ್ಟಿನ ಸಭೆ ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಮುನಿಸಿಪಲ್ ಆಫೀಸಿನ ಸಭಾಂಗಣದಲ್ಲಿ ಸೇರುತ್ತದೆ ಎನ್ನೋಣ. ಅಲ್ಲಿಗೆ ಬರಬಲ್ಲವರು ಪಿಂಚಣಿದಾರರು, ವರ್ತಕರು, ಸಂಘ ಸಂಸ್ಥೆಗಳ ಕಾರ್ಯದರ್ಶಿಗಳು. ಕೆರೆಯ ಏರಿಯ ಕೆಳಗೆ ಸಾಲುಮನೆಯಲ್ಲಿರುವ ಹೆಂಗಸು ಬರಲಾರಳು. ಬಂದರೆ ಅವಳ ದಿನದ ಕೂಲಿ ಹೋಯಿತು. ಬಂದರೂ ಆ ಕುರ್ಚಿಗಳ ನಡುವೆ ಎದ್ದು ನಿಂತು ಮಾತನಾಡುವುದು ಅವಳಿಗೆ ಸುಲಭವಲ್ಲ. ಹೀಗಾಗಿ ಮನೆಯೊಳಗೆ ನಲ್ಲಿಯಿದ್ದವರು ಉದ್ಯಾನಕ್ಕೆ ಕಾರಂಜಿ ಕೇಳುತ್ತಾರೆ. ಬೀದಿಯ ನಲ್ಲಿಗೆ ಬೆಳಗಿನ ಜಾವ ಕೊಡ ಇಟ್ಟು ಕಾಯುವವರ ಕೋರಿಕೆ ಕಾಗದಕ್ಕೆ ಬರುವುದೇ ಇಲ್ಲ. ಕಾರಂಜಿ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದರೆ ತಾನೆ ಯಾವುದು ಮೊದಲು ಎಂಬ ಪ್ರಶ್ನೆ ಹುಟ್ಟುವುದು?

ಈ ತೊಡಕನ್ನು ಬಿಡಿಸಲು ದೂರದ ಒಂದು ನಗರ ಮಾಡಿದ ಪ್ರಯತ್ನ ಲೋಕಪ್ರಸಿದ್ಧವಾಗಿದೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ದಕ್ಷಿಣ ತುದಿಯ ರಾಜ್ಯಕ್ಕೆ ರಾಜಧಾನಿ ಪೋರ್ಟೊ ಅಲೆಗ್ರೆ. ನಗರ ಬೆಳೆದಂತೆಲ್ಲ ಅದರ ಅಂಚಿನಲ್ಲಿ ನೀರು, ಚರಂಡಿ, ರಸ್ತೆಗಳಿಲ್ಲದ ಬಡವರ ಬಡಾವಣೆಗಳು ಹಬ್ಬಿದ್ದುವು. 1989ರಲ್ಲಿ ಒಲಿವಿಯೊ ದುತ್ರ ಎಂಬುವರು ಅಲ್ಲಿ ಮೇಯರಾದಾಗ ನಗರದ ಹೊಸ ಕೆಲಸಗಳ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂಬುದನ್ನು ಜನರೇ ಸೇರಿ ಹೇಳುವ ಪದ್ಧತಿಯನ್ನು ಆರಂಭಿಸಿದರು.

ಆರಂಭ ಚೆನ್ನಾಗಿರಲಿಲ್ಲ. ಖಜಾನೆ ಬರಿದಾಗಿತ್ತು, ವರಮಾನದ ಬಹುಪಾಲು ನೌಕರರ ಸಂಬಳಕ್ಕೇ ಹೋಗುತ್ತಿತ್ತು. ಜನ ಕೇಳಿದ ಕೆಲಸಗಳಲ್ಲಿ ಹೆಚ್ಚಿನವು ಆಗಲಿಲ್ಲ. ಮರುವರ್ಷ ಸಭೆಗೆ ಬಂದವರ ಸಂಖ್ಯೆ ಕುಗ್ಗಿತು. ಆಗ ನಗರಾಡಳಿತವು ಹೆಚ್ಚು ಆಸ್ತಿಯುಳ್ಳವರು ಹೆಚ್ಚು ತೆರುವಂತೆ ಆಸ್ತಿ ತೆರಿಗೆಯನ್ನು ಸರಿಪಡಿಸಿ ಕೈಯಲ್ಲಿ ಒಂದಿಷ್ಟು ಹಣ ಮಾಡಿಕೊಂಡಿತು. ಮಾತಿನ ಹಿಂದೆ ಹಣವಿಲ್ಲದಿದ್ದರೆ ಸಭೆ ಬರಿಯ ಶಾಸ್ತ್ರವಾಗುತ್ತದೆಂಬುದನ್ನು ಅವರು ಬೇಗನೆ ಕಂಡುಕೊಂಡರು.

ಆಮೇಲೆ ನೆಲೆಗೊಂಡ ಪದ್ಧತಿ ಹೀಗಿತ್ತು. ನಗರವನ್ನು 16 ವಿಭಾಗಗಳಾಗಿ ಮಾಡಿದರು. ಒಂದೊಂದು ವಿಭಾಗದಲ್ಲಿಯೂ ಬಯಲು ಸಭೆ. ಮೊದಲು ಕಳೆದ ವರ್ಷ ಒಪ್ಪಿಕೊಂಡ ಕೆಲಸಗಳು ಏನಾದುವೆಂದು ಅಧಿಕಾರಿಗಳು ಲೆಕ್ಕ ಒಪ್ಪಿಸಬೇಕು. ಅನಂತರ ನೆರೆಹೊರೆಯವರು ಸೇರಿ ತಮ್ಮ ಬೇಡಿಕೆಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಜೋಡಿಸಬೇಕು. ವಿಭಾಗಕ್ಕೆ ಇಬ್ಬರಂತೆ ಆರಿಸಿ ಬಂದ ಪ್ರತಿನಿಧಿಗಳೂ, ಸಾರಿಗೆ, ಶಿಕ್ಷಣ ಮುಂತಾದ ವಿಷಯಗಳ ಸಭೆಗಳಿಂದ ಬಂದವರೂ ಕೂಡಿದ ಒಂದು ಆಯವ್ಯಯ ಸಮಿತಿ ಇವನ್ನೆಲ್ಲ ಒಟ್ಟುಗೂಡಿಸುತ್ತಿತ್ತು.

ಹಣ ಹಂಚುವಾಗ ಮೂರು ಅಂಶಗಳನ್ನು ತೂಗುತ್ತಿದ್ದರು. ಆ ವಿಭಾಗದ ಜನ ಆ ಕೆಲಸಕ್ಕೆ ಎಷ್ಟನೆಯ ಸ್ಥಾನ ಕೊಟ್ಟಿದ್ದಾರೆ ಎಂಬುದು ಒಂದು. ಅಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಎರಡು. ಆ ಸೌಕರ್ಯದ ಕೊರತೆ ಅಲ್ಲಿ ಎಷ್ಟಿದೆ ಎಂಬುದು ಮೂರು. ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸುತ್ತಿದ್ದರು. ಶ್ರೋತೃಗಳು ಈ ಮೂರನೆಯ ಅಂಶವನ್ನು ಗಮನಿಸಬೇಕು. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಿದ ಮಾತ್ರಕ್ಕೆ ಹಣ ಬರುತ್ತಿರಲಿಲ್ಲ. ಚರಂಡಿ ಆಗಲೇ ಇರುವ ವಿಭಾಗಕ್ಕೂ ಇಲ್ಲದ ವಿಭಾಗಕ್ಕೂ ಲೆಕ್ಕದಲ್ಲಿಯೇ ಅಂತರವಿತ್ತು. ಬಾಯಿಲ್ಲದವರ ಪರವಾಗಿ ಅಂಕಿಗಳೇ ಮಾತನಾಡಿದುವು.

ಫಲವೇನಾಯಿತು? ಒಳಚರಂಡಿಯ ಸೌಕರ್ಯ 1989ರಲ್ಲಿ ನಗರದ ಶೇಕಡ 46ರಷ್ಟು ಜನರಿಗೆ ಮಾತ್ರ ಇದ್ದದ್ದು 1996ರ ವೇಳೆಗೆ ಶೇಕಡ 85ಕ್ಕೆ ಏರಿತು. ನೀರಿನ ಸರಬರಾಜು ಶೇಕಡ 80ರಷ್ಟು ಮನೆಗಳಿಂದ 98ಕ್ಕೆ ಮುಟ್ಟಿತು. ಮೊದಲು ಸಾವಿರ ಜನ ಸೇರದಿದ್ದ ಸಭೆಗಳಿಗೆ ಹತ್ತು ವರ್ಷಗಳೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಬಂದವರಲ್ಲಿ ಬಡವರ ಪ್ರಮಾಣ ಹೆಚ್ಚಾಗಿಯೇ ಇತ್ತು. 1996ರಲ್ಲಿ ಇಸ್ತಾಂಬುಲ್ ನಗರದಲ್ಲಿ ವಿಶ್ವಸಂಸ್ಥೆಯು ನಡೆಸಿದ ವಸತಿ ಸಮ್ಮೇಳನದಲ್ಲಿ ಈ ಪದ್ಧತಿಗೆ ಮನ್ನಣೆ ದೊರೆಯಿತು. ಲೋಕದ ನಾನಾ ನಗರಗಳು ಇದನ್ನು ತಮಗೆ ಒಗ್ಗುವಂತೆ ಅನುಸರಿಸಿದುವು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಬಂದ ಆಡಳಿತಗಳಲ್ಲಿ ಈ ಪದ್ಧತಿಯ ಬಲ ಕುಂದಿತು. ಒಪ್ಪಿಕೊಂಡ ಕೆಲಸಗಳು ವರ್ಷ ವರ್ಷವೂ ಬಾಕಿ ಬೀಳುತ್ತ ಹೋದುವು. 2017ರಲ್ಲಿ ಸಭೆಗಳನ್ನೇ ನಿಲ್ಲಿಸಲಾಯಿತು. ಇಂಥ ಪದ್ಧತಿ ಆಡಳಿತದ ಮನಸ್ಸಿನ ಮೇಲೆ ನಿಂತಿರುವ ತನಕ ಅದಕ್ಕೆ ಭದ್ರತೆ ಸಾಲದೆಂಬುದು ಇದರಿಂದ ತಿಳಿಯುವ ಪಾಠ.

ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಮೊದಲು ನಡೆದ ನಗರಗಳಲ್ಲಿ ಪುಣೆ ಒಂದು. 2006ರಿಂದ ಅಲ್ಲಿನ ನಾಗರಿಕರು ತಮ್ಮ ಬಡಾವಣೆಗೆ ಬೇಕಾದ ಸಣ್ಣ ಕೆಲಸಗಳನ್ನು ಒಂದು ಫಾರಮಿನಲ್ಲಿ ಬರೆದು ವಾರ್ಡ್ ಕಚೇರಿಗೆ ಕೊಡಬಹುದಾಯಿತು. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿಗಳ ಮಿತಿ ಗೊತ್ತುಮಾಡಿದ್ದರು. ಕಾಲುದಾರಿ, ಬೀದಿದೀಪ, ಬಸ್ಸಿನ ತಂಗುದಾಣ ಇಂಥವು ಅದರಲ್ಲಿ ಆದುವು. ಕೆಲಸ ಚಿಕ್ಕದಾದರೂ ಕೇಳಿದವರಿಗೆ ಅದು ಬಡ್ಜೆಟ್ಟಿನ ಪುಸ್ತಕದಲ್ಲಿ ಕಾಣುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ಪ್ರಯತ್ನಗಳು ನಡೆದಿವೆ. ನಗರದ ಹಣಕಾಸಿನ ಲೆಕ್ಕವನ್ನು ಜನರ ಮುಂದಿಟ್ಟು ಚರ್ಚಿಸುವ ಒಂದು ಆಂದೋಲನವನ್ನು 2002ರಲ್ಲಿ ಕೆಲವು ನಾಗರಿಕ ಸಂಸ್ಥೆಗಳು ನಡೆಸಿದುವು. 2015ರಲ್ಲಿ ಆರಂಭವಾದ ‘ನನ್ನ ನಗರ ನನ್ನ ಬಜೆಟ್’ ಎಂಬ ಅಭಿಯಾನದಲ್ಲಿ ವಾಹನವೊಂದು ವಾರ್ಡುಗಳಲ್ಲಿ ಸಂಚರಿಸಿ ಜನರ ಬೇಡಿಕೆಗಳನ್ನು ಸಂಗ್ರಹಿಸಿ ಪಾಲಿಕೆಗೆ ಒಪ್ಪಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಆ ಮೇಲೆ ವರ್ಷಗಳ ಕಾಲ ಚುನಾವಣೆ ನಡೆಯದೆ ಅಧಿಕಾರಿಗಳೇ ಬಡ್ಜೆಟ್ಟನ್ನು ಮಂಡಿಸಿದರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದುವು. ಬೇಡಿಕೆ ಹೇಳುವವರು ಇದ್ದರೂ ‘ನಿಮ್ಮ ಮಾತು ಏನಾಯಿತು’ ಎಂದು ಉತ್ತರ ಕೊಡಬೇಕಾದ ಚುನಾಯಿತ ಪ್ರತಿನಿಧಿ ಇಲ್ಲದಿದ್ದರೆ ಮಾತಿಗೆ ಅರ್ಧ ಬೆಲೆ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ವಿಧಿಸಿತು. ಸಮಿತಿಯೆಂಬುದು ಕಾಗದದಲ್ಲಿದ್ದರೆ ಸಾಲದು. ಅದು ಕೂಡಬೇಕು, ಕೂಡಿದಾಗ ನಾವು ಹೋಗಬೇಕು. ಚಿಕ್ಕ ಊರುಗಳಲ್ಲಿ ಪೂರ್ವಭಾವಿ ಸಭೆಯೇ ನಮ್ಮ ವೇದಿಕೆ.

ಸಭೆ ಮುಗಿದ ಮೇಲೆ ನಮ್ಮ ಕೆಲಸ ಮುಗಿಯಿತೆಂದಲ್ಲ. ಮಂಡನೆಯಾದ ಬಡ್ಜೆಟ್ಟಿನ ಪುಸ್ತಕ ಸಾರ್ವಜನಿಕ ದಾಖಲೆ. ಅದರಲ್ಲಿ ಒಂದೊಂದು ಬಾಬಿನ ಎದುರಿಗೂ ಹಿಂದೆ ನಿಜವಾಗಿ ಖರ್ಚಾದದ್ದು, ನಡೆಯುವ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂದು ಬೇರೆ ಬೇರೆ ಕಲಮುಗಳಿರುತ್ತವೆ. ಅಂದಾಜಿನ ಕಲಮಿನಲ್ಲಿ ದೊಡ್ಡ ಮೊತ್ತ, ನಿಜವಾದ ಖರ್ಚಿನ ಕಲಮಿನಲ್ಲಿ ಸೊನ್ನೆ ಇದ್ದರೆ, ಕೆಲಸ ಕಾಗದದಲ್ಲಿ ಮಾತ್ರ ಆಗಿದೆ ಎಂದು ಅರ್ಥ. ಇಷ್ಟನ್ನು ಓದಲು ಲೆಕ್ಕಪರಿಶೋಧಕರೇ ಆಗಬೇಕಿಲ್ಲ. ಅಂಗಡಿಯ ಚೀಟಿ ಓದಬಲ್ಲವರು ಓದಬಹುದು. ಪುಸ್ತಕ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ ಪಡೆಯಬಹುದು.

ಕೇಳುವ ಹಕ್ಕಿನ ಜೊತೆಗೆ ಕೊಡುವ ಕರ್ತವ್ಯವೂ ಇದೆಯೆಂಬುದನ್ನು ಮರೆಯಬಾರದು. ಮನೆ ಕಂದಾಯವನ್ನು ಏಪ್ರಿಲ್ ತಿಂಗಳಲ್ಲಿಯೇ ಕಟ್ಟಿದರೆ ಶೇಕಡ 5ರ ರಿಯಾಯಿತಿ ದೊರೆಯುತ್ತದೆ. ಊರಿನ ಖಜಾನೆಗೂ ವರ್ಷದ ಮೊದಲಲ್ಲೇ ಹಣ ಸೇರುತ್ತದೆ. ಸ್ವಂತ ವರಮಾನ ಹೆಚ್ಚಿದಷ್ಟೂ ಊರಿನವರು ತಾವೇ ತೀರ್ಮಾನಿಸಬಹುದಾದ ಹಣ ಹೆಚ್ಚುತ್ತದೆ.

ಹಿಂದುಳಿದ ಕೇರಿಯ ಚರಂಡಿಗೆ ಮೊದಲ ಸ್ಥಾನ ಕೊಡಿ ಎಂದು ಹೇಳುವುದು ಬರಿಯ ಕರುಣೆಯ ಮಾತೆಂದು ಯಾರೂ ತಿಳಿಯಬಾರದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ, ಗಾಳಿ ಬೆಳಕು ಸಾಲದ ಗಲ್ಲಿಗಳಲ್ಲಿ ಅದು ಹಬ್ಬಿದಾಗ ಅನುಕೂಲಸ್ಥರ ಮನೆಗಳೂ ಉಳಿಯಲಿಲ್ಲ. ಅಗಲವಾದ ಬೀದಿಗಳೂ ನೈರ್ಮಲ್ಯದ ವ್ಯವಸ್ಥೆಯೂ ಉಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೇಗನೆ ಬೆಳೆದದ್ದಕ್ಕೆ ಆ ಭಯವೇ ಒಂದು ಕಾರಣ. ಸೊಳ್ಳೆಗೆ ವಾರ್ಡಿನ ಎಲ್ಲೆ ಗೊತ್ತಿಲ್ಲ. ನಿಂತ ನೀರು ಕೆಳಗಿನ ಕೇರಿಯಲ್ಲಿದ್ದರೂ ಡೆಂಗೆ ಜ್ವರ ಮೇಲಿನ ಬಡಾವಣೆಗೆ ಬರುತ್ತದೆ.

ಆದಕಾರಣ ಈ ಭಾಷಣವನ್ನು ಕೇಳುತ್ತಿರುವ ಮನೆಗಳಲ್ಲಿ ನನ್ನದೊಂದು ಬಿನ್ನಹ. ಈ ಸಲ ಸಭೆಯ ಪ್ರಕಟಣೆ ಬಂದಾಗ ನಿಮ್ಮ ಬೀದಿಯ ಬೇಡಿಕೆಗಳನ್ನು ಕ್ರಮವಾಗಿ ಬರೆಯಿರಿ. ಮೂರಕ್ಕಿಂತ ಹೆಚ್ಚು ಬೇಡ. ಬರೆಯುವ ಮೊದಲು ಮನೆಗೆಲಸಕ್ಕೆ ಬರುವ ಆಕೆಯನ್ನು ‘ಅಮ್ಮ, ನಿಮ್ಮ ಕೇರಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು ವಿಚಾರಿಸಿ. ಬೀದಿ ಗುಡಿಸುವ ಪೌರಕಾರ್ಮಿಕರನ್ನು ‘ಯಾವ ಚರಂಡಿ ದಿನವೂ ಕಟ್ಟಿಕೊಳ್ಳುತ್ತದೆ?’ ಎಂದು ಕೇಳಿ. ಊರಿನ ಕೊರತೆ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅವರು ಹೇಳಿದ್ದನ್ನು ನಿಮ್ಮ ಪಟ್ಟಿಯ ಪಕ್ಕದಲ್ಲಿ ಬರೆದು, ಎರಡನ್ನೂ ನೋಡಿ, ಯಾವುದು ಮೊದಲಾಗಬೇಕೆಂದು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸಿ. ಸಭೆಯನ್ನು ಭಾನುವಾರವೋ ಸಂಜೆಯ ಹೊತ್ತಿನಲ್ಲೋ, ಕೆಲಸಕ್ಕೆ ಹೋಗುವವರೂ ಬರುವಂತೆ ಕೇರಿಯ ಶಾಲೆಯಲ್ಲಿ ಕರೆಯಬೇಕೆಂದು ಅಧ್ಯಕ್ಷರಿಗೋ ಕಮಿಷನರಿಗೋ ಒಂದು ಕಾಗದ ಬರೆಯಿರಿ. ಆಗ ಸಭೆಯಲ್ಲಿ ಎದ್ದು ನಿಂತು, ‘ನಮ್ಮ ಬೀದಿಯ ಡಾಂಬರು ಇನ್ನೊಂದು ವರ್ಷ ತಡೆಯುತ್ತದೆ, ಕೆಳಗಿನ ಕೇರಿಯ ಚರಂಡಿ ಮೊದಲು ಆಗಲಿ’ ಎಂದು ಹೇಳುವವರು ಊರಿಗೆ ಹತ್ತು ಜನ ಸಿಕ್ಕಿದರೂ ಸಾಕು, ಆ ವರ್ಷದ ಬಡ್ಜೆಟ್ಟು ಬೇರೆಯೇ ಆಗುತ್ತದೆ.